ಚಿಕಿತ್ಸೆ ಫಲಕಾರಿಯಾಗದೆ ಅಂದ್ರೆ, ಯಾವ ಚಿಕಿತ್ಸೆ ಸ್ವಾಮಿ?

ಪೇಪರ್ ಆಫೀಸಲ್ಲಿ ಡೆಸ್ಕ್ ಕೆಲಸ ಅಂದ್ರೇನು ಅಂತ ಮದುವೆ ಮನೇಲಿ ಯಾರಾದ್ರೂ ಕೇಳಿದ್ರೆ "ಕಲ್ಲು ಆರಿಸೋದು" ಅಂತೀನಿ. ಇಪ್ಪತ್ತೆರಡು ವರ್ಷದಿಂದ ತಾಲೂಕು ವರದಿಗಾರರು ಬರ್ದು ಕಳ್ಸೋ ಸುದ್ದಿ, ಅಂದ್ರೆ ನಮ್ಮ ಭಾಷೇಲಿ ಕಾಪಿ, ತಿದ್ದಿ ತಿದ್ದಿ, ಈಗ ಕೆಲವು ಮಾತು ಕಣ್ಣಿಗೆ ಬಿದ್ರೆ ಅನ್ನದಲ್ಲಿ ಕಲ್ಲು ಕಚ್ಚಿದಂಗೆ ಆಗುತ್ತೆ. "ಕುಟುಂಬಸ್ಥರ ಆಕ್ರಂದನ ಮುಗಿಲು ಮುಟ್ಟಿತ್ತು." "ಆರೋಪಿಗಾಗಿ ಪೊಲೀಸರು ಬಲೆ ಬೀಸಿದ್ದಾರೆ." "ಅಪಘಾತ ಸಂಭವಿಸಿದ ಘಟನೆ ನಡೆದಿದೆ." ಅಲ್ಲ, ಅಪಘಾತಾನೇ ಒಂದು ಘಟನೆ, ಸಂಭವಿಸೋದು ಅಂದ್ರೂ ನಡೆಯೋದೇ, ಇಷ್ಟೆಲ್ಲ ಹೇಳಿ ಎಷ್ಟು ಗಂಟೆಗೆ ಅಂತ ಮಾತ್ರ ಬರ್ದಿರಲ್ಲ.

ಇವು ಬರೀ ಕಿರಿಕಿರಿ, ಅಳಿಸಿ ಮುಂದೆ ಹೋಗ್ಬೋದು. ನಂಗೆ ಭಯ ಆಗೋದು ಇನ್ನೊಂದು ಜಾತಿ ಮಾತಿಗೆ.

ಕೆಲವು ವರ್ಷದ ಹಿಂದೆ, ರಾತ್ರಿ ಹತ್ತೂವರೆ ಮೇಲಾಗಿತ್ತು, ಪೇಜು ಇನ್ನೇನು ಬಿಡ್ಬೇಕು, ಒಂದು ಬೈಕ್ ಆಕ್ಸಿಡೆಂಟ್ ಸುದ್ದಿ ಬಂತು. ಐದೇ ಲೈನು. ಕೊನೇ ಲೈನು, "ಆಸ್ಪತ್ರೆಗೆ ದಾಖಲಿಸಲಾಗಿತ್ತಾದರೂ ಚಿಕಿತ್ಸೆ ಫಲಕಾರಿಯಾಗದೆ ಮೃತಪಟ್ಟಿದ್ದಾರೆ." ವಯಸ್ಸು ಹಾಕಿರ್ಲಿಲ್ಲ. ಅದನ್ನ ಕೇಳೋಕೆ ಅಂತ ವರದಿಗಾರನಿಗೆ ಫೋನ್ ಮಾಡ್ದೆ, ಮಾತಿಗೆ ಮಾತು ಬಂದು "ಏನ್ ಟ್ರೀಟ್‌ಮೆಂಟ್ ಕೊಟ್ರಂತೆ?" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಟ್ರೀಟ್‌ಮೆಂಟ್ ಎಲ್ಲಿ ಸಾರ್, ಡ್ಯೂಟಿ ಡಾಕ್ಟ್ರೇ ಇರ್ಲಿಲ್ಲ, ನರ್ಸಮ್ಮ ಬ್ಯಾಂಡೇಜ್ ಸುತ್ತಿ ಜಿಲ್ಲಾಸ್ಪತ್ರೆಗೆ ಕರ್ಕೊಂಡ್ ಹೋಗಿ ಅಂದ್ರು, ಆಂಬುಲೆನ್ಸ್ ಬರೋಕೆ ಎರಡು ಗಂಟೆ ಆಯ್ತು, ಅಷ್ಟ್ರಲ್ಲಿ ಹೋಗ್ಬಿಟ್ಟಿದ್ದ." ಮತ್ತೆ ಹಿಂಗ್ಯಾಕೆ ಬರ್ದೆ ಮಾರಾಯ? "ಎಲ್ರೂ ಹಂಗೇ ಬರೀತಾರಲ್ಲ ಸಾರ್."

ಆ ಹುಡುಗ ಸುಳ್ಳುಗಾರ ಅಲ್ಲ, ಒಳ್ಳೇ ವರದಿಗಾರ. ಸಾವು ಅಂತ ಬಂದ ತಕ್ಷಣ ಬೆರಳು ತಾನಾಗೇ ಆ ಮೂರು ಪದ ಹೊಡೆದಿದೆ, ಅಷ್ಟೇ. ಆದ್ರೆ ಸುದ್ದಿ ಇದ್ದಿದ್ದೇ ಆ ಎರಡು ಗಂಟೇಲಿ. ಪೇಜು ಹತ್ತು ನಿಮಿಷ ಲೇಟಾಗಿ ಹೋಯ್ತು, ಬೈಸಿಕೊಂಡೆ. ಅವತ್ತಿಂದ ನನ್ನ ಲೆಕ್ಕ ಇಷ್ಟೇ, ಇಂಥ ರೆಡಿಮೇಡ್ ಮಾತು ಎಲ್ಲಿ ಕಂಡ್ರೂ ಅದರ ಕೆಳಗೆ ಯಾರೋ ಕೇಳದೆ ಬಿಟ್ಟ ಪ್ರಶ್ನೆ ಒಂದು ಇರುತ್ತೆ, ಎತ್ತಿ ನೋಡ್ಬೇಕು.

ಇದಕ್ಕೆಲ್ಲ ದೊಡ್ಡ ಸಹಾಯ ಮಾಡೋದು "ಲಾಗಿದೆ". ದಾಖಲಿಸಲಾಗಿದೆ, ಪರಿಶೀಲಿಸಲಾಗುತ್ತಿದೆ, ಸೂಕ್ತ ಕ್ರಮ ಕೈಗೊಳ್ಳಲಾಗುವುದು. ಮನೇಲಿ ಯಾರಾದ್ರೂ "ಸಾರಿಗೆ ಉಪ್ಪು ಹಾಕಲಾಗಿದೆ" ಅಂತಾರಾ? ಹಾಕಿದೀನಿ ಅಂತಾರೆ. ಹಂಗಂತ ಮನೆಯವರೇನು ಸಾಚಾ ಅಲ್ಲ, ಕೈ ಜಾರಿದ್ರೆ ಮಾತ್ರ "ಲೋಟ ಒಡ್ದೋಯ್ತು", "ಹಾಲು ಉಕ್ಕೋಯ್ತು", ಲೋಟ ತಾನೇ ಹೋಗಿ ಒಡ್ಕೊಂಡಂಗೆ! ಆಫೀಸುಗಳು ಕಲಿತಿರೋದು ಇದನ್ನೇ, ಅದಕ್ಕೊಂದು ಸೀಲು ಹಾಕಿದಾರೆ ಅಷ್ಟೇ.

ಇದರ ತಮ್ಮ "ಎನ್ನಲಾಗಿದೆ". ಹೊಸದಾಗಿ ಡೆಸ್ಕಿಗೆ ಬಂದ ಹುಡುಗರಿಗೆ ಇದೊಂದು ತಾಯಿತ ಇದ್ದಂಗೆ, ಕೊನೇಲಿ ಇದು ಕಟ್ಟಿದ್ರೆ ಕೇಸ್ ಬೀಳಲ್ಲ ಅಂತ ನಂಬ್ಕೊಂಡಿರ್ತಾರೆ. ಬೀಳುತ್ತಪ್ಪ. ಮಾನನಷ್ಟದ ಕಾನೂನಲ್ಲಿ, ಮೊದ್ಲು ಐಪಿಸಿ ಸೆಕ್ಷನ್ 499, ಈಗ ಅದರ ಜಾಗಕ್ಕೆ ಬಂದಿರೋ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಸೆಕ್ಷನ್ 356, ಆರೋಪ ಮಾಡಿದೋರ ಜೊತೆ ಪ್ರಕಟಿಸಿದೋರೂ ಬರ್ತಾರೆ. "ಯಾರೋ ಅಂದ್ರು, ನಾನು ಹಾಕ್ದೆ" ಅನ್ನೋದು ಅಲ್ಲಿ ನಡೆಯಲ್ಲ. ಯಾರು ಅಂದ್ರು, ಯಾವ ದೂರಲ್ಲಿ ಇದೆ ಅಂತ ಬರೆದ್ರೆ ಓದೋರಿಗೂ ಉಪಯೋಗ, ನಿಮಗೂ ಕೈಯಲ್ಲೊಂದು ಕಾಗದ.

ಟಿವಿಯವರದ್ದು ಬೇರೆ ಕಥೆ. "ಪೊಲೀಸರು ಮಾಡತಕ್ಕಂಥ ಒಂದು ಕೆಲಸ ಏನಿದೆ, ಅದನ್ನ ಮಾಡ್ತಾ ಇರುವಂಥದ್ದು ಅನ್ನುವಂಥದ್ದನ್ನ ನಾವು ನೋಡಬಹುದಾಗಿದೆ." ಇದಿಷ್ಟರ ಅರ್ಥ ಪೊಲೀಸರು ಅಲ್ಲಿ ಇದಾರೆ ಅಂತ. ತಮಾಷೆ ಅಂದ್ರೆ ಈ ತಕ್ಕ ಅನ್ನೋದಕ್ಕೆ ಕಾಯ್ದೆ ಪುಸ್ತಕದಲ್ಲಿ ಭಾರೀ ತೂಕ ಇದೆ, "ಸಲ್ಲಿಸತಕ್ಕದ್ದು" ಅಂದ್ರೆ ಸಲ್ಲಿಸಲೇಬೇಕು, ಬೇರೆ ದಾರಿ ಇಲ್ಲ. ಅಂಥ ಮಾತು ಇಲ್ಲಿ ಉಸಿರು ಎಳ್ಕೊಳ್ಳೋಕೆ ಬಳಕೆ ಆಗ್ತಿದೆ. ಆದ್ರೂ ಆ ರಿಪೋರ್ಟರ್ ಮೇಲೆ ನಂಗೆ ಸಿಟ್ಟಿಲ್ಲ. ಬೆಳಗ್ಗೆಯಿಂದ ಒಂದೇ ಗೇಟ್ ಮುಂದೆ ನಿಲ್ಸಿರ್ತಾರೆ, ಹೊಸದೇನೂ ಆಗಿರಲ್ಲ, ಆದ್ರೂ ಅರ್ಧ ಗಂಟೆಗೊಂದು ಲೈವ್ ಕೊಡ್ಬೇಕು, ಪಾಪ ಇನ್ನೇನು ಮಾಡ್ತಾರೆ.

ಸರ್ಕಾರಿ ಕಾಗದದ "ನಿಯಮಾನುಸಾರ ಪರಿಶೀಲನೆಯಲ್ಲಿದೆ" ಬಗ್ಗೆ ಹೇಳ್ಬೇಕು. ಬಹಳ ಸರ್ಟಿಫಿಕೇಟುಗಳಿಗೆ ನಿಯಮ ಬಂದು ಎಷ್ಟೋ ವರ್ಷ ಆಯ್ತು, ಸಕಾಲ ಕಾಯ್ದೆ 2011ರದ್ದು. ಅದರ ಪಟ್ಟಿಯಲ್ಲಿರೋ ಸೇವೆಗೆ ಇಂತಿಷ್ಟು ದಿನ ಅಂತ ಗೊತ್ತು ಮಾಡಿರ್ತಾರೆ, ಅರ್ಜಿ ಹಾಕಿದ್ರೆ ಸ್ವೀಕೃತಿ ನಂಬರ್ ಕೊಡ್ಬೇಕು, ತಡ ಆದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚಂದ್ರೆ 500 ರೂಪಾಯಿ ಪರಿಹಾರ ಕೇಳ್ಬೋದು. 20 ರೂಪಾಯಿ ದೊಡ್ಡದಲ್ಲ, ಆದ್ರೆ ಲೆಕ್ಕ ಹಾಕೋಕೆ ತಾರೀಕು ಬೇಕಲ್ಲ! ನಾನೂ ಒಂದ್ಸಲ ಕೌಂಟರಲ್ಲಿ "ಪರಿಶೀಲನೆಲಿದೆ" ಅಂದಾಗ ಸ್ವೀಕೃತಿ ಚೀಟಿ ತೋರಿಸಿ "ಯಾರ ಟೇಬಲ್ ಮೇಲಿದೆ, ಯಾವ ತಾರೀಕಿಗೆ ಅಲ್ಲಿಗೆ ಹೋಯ್ತು ಸಾರ್?" ಅಂತ ಕೇಳ್ದೆ. ಆ ಮನುಷ್ಯ ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದ್ರು.

ಐಟಿಯವರು ನಮ್ಮನ್ನ ನೋಡಿ ನಗೋದೇನೂ ಬೇಡ. ನನ್ನ ಮಗಳ ಕಾಲ್‌ಗಳು ಗೋಡೆ ದಾಟಿ ಕೇಳ್ಸುತ್ತೆ, "ಅಲೈನ್ ಆಗೋಣ", "ಆಫ್‌ಲೈನ್ ತಗೊಳೋಣ", ಮೇಲ್ ಕೊನೇಲಿ "ಡೂ ದ ನೀಡ್‌ಫುಲ್". ನೀಡ್‌ಫುಲ್ ಅಂದ್ರೆ ಪ್ಯಾಂಟು ಹಾಕ್ಕೊಂಡ ಸೂಕ್ತ ಕ್ರಮ.

ಅರ್ಥ ಇಲ್ಲದ ಮಾತೆಲ್ಲ ಬಿಸಾಕಿ ಅಂತ ಮಾತ್ರ ನಾನು ಹೇಳಲ್ಲ. ನಮ್ಮತ್ತೆ ಮೂರು ಹೊತ್ತೂ ಫೋನ್ ಮಾಡಿ "ಊಟ ಆಯ್ತಾ?" ಅಂತಾರೆ, ಆಗಿಲ್ಲ ಅಂದ್ರೆ ಅವರೇನು ನೂರು ಕಿಲೋಮೀಟರ್ ದೂರದಿಂದ ಬಡಿಸೋಕಾಗಲ್ಲ. ಅಲ್ಲಿ ಯಾರೂ ಏನನ್ನೂ ಮುಚ್ಚಿಡ್ತಿಲ್ಲ. ಹೊರಡೋವಾಗ ಹೋಗ್ತೀನಿ ಅನ್ನದೆ "ಬರ್ತೀನಿ" ಅನ್ನೋದೂ ಅಷ್ಟೇ, ಇರ್ಲಿ ಅದು.

ಮೊನ್ನೆ ಒಂದು ಕಾಪಿ ಬಂತು, "ಬೆಂಕಿಗೆ ಶಾರ್ಟ್ ಸರ್ಕ್ಯೂಟ್ ಕಾರಣ ಎಂದು ತಿಳಿದುಬಂದಿದೆ." ಫೋನ್ ಮಾಡಿ ಕೇಳ್ದೆ, ಯಾರಿಂದ ತಿಳಿದುಬಂತಪ್ಪ, ಫೈರ್‌ನೋರು ಹೇಳಿದ್ರಾ, ಲೈನ್‌ಮನ್ನಾ?

"ಇಲ್ಲ ಸಾರ್, ಸಾಮಾನ್ಯ ಅದೇ ಇರುತ್ತಲ್ಲ."