ಪ್ರಿಂಟ್‌ಎಫ್: ಬಾಲದ ‘ಎಫ್’ ಹೇಳುವುದೇನು?

ಸಿ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕೂತವರು ಮೊದಲ ದಿನವೇ ಬರೆಯುವ ಫಂಕ್ಷನ್ ಪ್ರಿಂಟ್‌ಎಫ್. ಬಾಲದಲ್ಲಿರುವ ‘ಎಫ್’ ಅಂದರೆ ಫಾರ್ಮ್ಯಾಟೆಡ್, ಕೊಟ್ಟ ಮಾದರಿಗೆ ಹೊಂದಿಸಿ ಬರೆದದ್ದು. ಆ ಮಾದರಿಯನ್ನು ಹೊತ್ತಿರುವುದು ಫಾರ್ಮ್ಯಾಟ್ ಸ್ಟ್ರಿಂಗ್. ಅದರಲ್ಲಿರುವ ಮಾಮೂಲಿ ಅಕ್ಷರಗಳು ಇದ್ದ ಹಾಗೇ ಹೊರಗೆ ಬರುತ್ತವೆ. % ಕಂಡ ಕಡೆ ಮುಂದಿನ ಆರ್ಗ್ಯುಮೆಂಟ್ (ಫಂಕ್ಷನ್ನಿಗೆ ಕೊಟ್ಟ ಬೆಲೆ) ತೆಗೆದುಕೊಂಡು, ಅಕ್ಷರರೂಪಕ್ಕೆ ತಂದು, ಆ ಜಾಗದಲ್ಲಿ ಕೂರಿಸುತ್ತದೆ. % ಚಿಹ್ನೆಯೇ ಮೂಡಬೇಕಿದ್ದರೆ %% ಬರೆಯಬೇಕು. (ಇಲ್ಲಿ %ಡಿ, %ಎಸ್ ಎಂದಿರುವ ಕಡೆಯೆಲ್ಲ ಕೋಡಿನಲ್ಲಿ ಬರುವುದು ಇಂಗ್ಲಿಷಿನ ಸಣ್ಣಕ್ಷರ. %ಡಿ ಪೂರ್ಣಾಂಕಕ್ಕೆ, %ಎಫ್ ದಶಾಂಶ ಸಂಖ್ಯೆಗೆ, %ಎಸ್ ಬರಹಕ್ಕೆ.)

ಇದಕ್ಕೊಂದು ದೊಡ್ಡ ಕುಟುಂಬವೇ ಇದೆ. ಹೆಸರಿನ ಮುಂದೆ ಅಂಟಿಕೊಂಡ ಅಕ್ಷರ ನೋಡಿದರೆ ಬರಹ ಎಲ್ಲಿಗೆ ಹೋಗುತ್ತದೆಂದು ಗೊತ್ತಾಗುತ್ತದೆ. ಪ್ರಿಂಟ್‌ಎಫ್ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬರೆದರೆ, ಎಫ್‌ಪ್ರಿಂಟ್‌ಎಫ್ ನೀವು ಹೇಳಿದ ಫೈಲಿಗೆ ಬರೆಯುತ್ತದೆ, ಎಸ್‌ಪ್ರಿಂಟ್‌ಎಫ್ ಮೆಮೊರಿಯಲ್ಲಿ ಕಾದಿಟ್ಟ ಜಾಗಕ್ಕೆ, ಅಂದರೆ ಬಫರಿಗೆ. ಸಿ ಭಾಷೆಯ 1999ರ ಸ್ಟ್ಯಾಂಡರ್ಡಿನಲ್ಲಿ ಸೇರಿಕೊಂಡ ಎಸ್‌ಎನ್‌ಪ್ರಿಂಟ್‌ಎಫ್ ಬಫರಿನ ಅಳತೆಯನ್ನೂ ಕೇಳುತ್ತದೆ. ಮುಂದೆ ‘ವಿ’ ಇರುವವು ಆರ್ಗ್ಯುಮೆಂಟುಗಳನ್ನು ಒಂದೊಂದಾಗಿ ಅಲ್ಲ, ವಿಎ ಲಿಸ್ಟ್ ರೂಪದಲ್ಲಿ ಒಟ್ಟಿಗೆ ಪಡೆಯುತ್ತವೆ.

% ಮತ್ತು ಕೊನೆಯ ಅಕ್ಷರದ ನಡುವೆ ಫ್ಲ್ಯಾಗ್ (ಖಾಲಿ ಜಾಗಕ್ಕೆ ಸೊನ್ನೆ ತುಂಬುವ 0, ಎಡಕ್ಕೆ ಸರಿಸುವ - ಇಂಥವು), ಅಗಲ, ಚುಕ್ಕಿಯ ನಂತರದ ನಿಖರತೆ, ಉದ್ದದ ಗುರುತು, ಈ ಕ್ರಮದಲ್ಲಿ ಬರಬಹುದು. %06.2ಎಫ್‌ಗೆ 3.14159 ಕೊಟ್ಟರೆ 003.14 ಬರುತ್ತದೆ. 6 ಎಂದರೆ ಚುಕ್ಕಿಯ ಮುಂಚಿನ ಅಂಕಿಗಳೆಂದು ತಿಳಿಯುವವರೇ ಹೆಚ್ಚು. ಅದು ಚುಕ್ಕಿಯೂ ಸೇರಿದ ಒಟ್ಟು ಅಗಲ, ಅದೂ ಕನಿಷ್ಠ ಅಗಲ: ಸಂಖ್ಯೆ ದೊಡ್ಡದಾದರೆ ಕತ್ತರಿಸುವುದಿಲ್ಲ, ಸಾಲು ಅಡ್ಡಾದಿಡ್ಡಿಯಾಗುತ್ತದೆ ಅಷ್ಟೆ. ನಿಖರತೆಯ ಅರ್ಥ ಕೊನೆಯ ಅಕ್ಷರದ ಮೇಲೆ ನಿಂತಿದೆ. %ಎಫ್‌ನಲ್ಲಿ ಅದು ಚುಕ್ಕಿಯ ನಂತರದ ಅಂಕಿಗಳು, %ಡಿಯಲ್ಲಿ ಕನಿಷ್ಠ ಅಂಕಿಗಳು, %ಎಸ್‌ನಲ್ಲಿ ಗರಿಷ್ಠ ಬೈಟುಗಳು.

ಬೈಟು, ಅಕ್ಷರವಲ್ಲ. ಅಕ್ಷರಗಳನ್ನು ಬೈಟುಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಕೋಡ್‌ಪಾಯಿಂಟ್ (ಯುನಿಕೋಡ್ ಸಂಕೇತ) 3 ಬೈಟು ನುಂಗುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಒತ್ತಿಗಾಗಿ ಬರುವ ವಿರಾಮವೂ (್ ಚಿಹ್ನೆ) ಸೇರಿ 5 ಕೋಡ್‌ಪಾಯಿಂಟ್, ಒಟ್ಟು 15 ಬೈಟು. ಹಾಗಾಗಿ %-12ಎಸ್ ಹಾಕಿದರೆ ಪಕ್ಕದಲ್ಲಿ ಒಂದು ಖಾಲಿ ಜಾಗವೂ ಸೇರುವುದಿಲ್ಲ. %.4ಎಸ್ ಹಾಕಿದರೆ ‘ಕ’ ಪೂರ್ತಿ ಬಂದು ‘ನ’ದ ಮೊದಲ ಬೈಟಿಗೇ ಕತ್ತರಿ ಬೀಳುತ್ತದೆ, ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಯೋ ಡಬ್ಬಿಯೋ ಕಾಣುತ್ತದೆ.

ಇನ್ನು ಮುಖ್ಯ ವಿಷಯ. ಕೊಟ್ಟ ಆರ್ಗ್ಯುಮೆಂಟುಗಳ ಟೈಪ್ ಏನು, ಎಷ್ಟು ಕೊಟ್ಟಿದ್ದೀರಿ ಎಂದು ತಿಳಿಯಲು ಈ ಫಂಕ್ಷನ್ನುಗಳಿಗೆ ದಾರಿಯೇ ಇಲ್ಲ. ಫಾರ್ಮ್ಯಾಟ್ ಸ್ಟ್ರಿಂಗ್ ಹೇಳಿದ್ದೇ ವೇದವಾಕ್ಯ. %ಡಿಗೆ ಡಬಲ್ (ದಶಾಂಶ ಸಂಖ್ಯೆಯ ಟೈಪ್) ಕೊಟ್ಟರೆ ಅದು 3.7ನ್ನು 3 ಮಾಡಿ ತೋರಿಸುವುದಿಲ್ಲ. 64 ಬಿಟ್ಟಿನ ಇಂಟೆಲ್ ಮಾದರಿಯ ಲಿನಕ್ಸ್ ಯಂತ್ರದಲ್ಲಿ ದಶಾಂಶ ಸಂಖ್ಯೆಗಳು ಬೇರೆ ರಿಜಿಸ್ಟರುಗಳಲ್ಲಿ (ಪ್ರೊಸೆಸರಿನೊಳಗಿನ ಪುಟ್ಟ ಜಾಗಗಳು) ಹೋಗುತ್ತವೆ; ಪ್ರಿಂಟ್‌ಎಫ್ ಪೂರ್ಣಾಂಕದ ರಿಜಿಸ್ಟರಿನಲ್ಲಿ ಹುಡುಕಿ, ಅಲ್ಲಿ ಹಿಂದಿನಿಂದ ಉಳಿದಿದ್ದ ಕಸವನ್ನು ಮುದ್ರಿಸುತ್ತದೆ. ಸ್ಟ್ಯಾಂಡರ್ಡಿನ ಪ್ರಕಾರ ಇದು ಅನ್‌ಡಿಫೈನ್ಡ್, ಏನು ಬೇಕಾದರೂ ಆಗಬಹುದು. ಚಿಕ್ಕ ದಶಾಂಶ ಟೈಪಾದ ಫ್ಲೋಟಿಗೂ ಡಬಲ್‌ಗೂ ಒಂದೇ %ಎಫ್ ನಡೆಯುವುದಕ್ಕೂ ಕಾರಣ ಇಲ್ಲೇ ಇದೆ: ಇಂಥ ಕರೆಯಲ್ಲಿ ಫ್ಲೋಟ್ ತಾನಾಗಿ ಡಬಲ್ ಆಗುತ್ತದೆ, ಚಾರ್ ಮತ್ತು ಶಾರ್ಟ್ ಎಂಬ ಸಣ್ಣ ಪೂರ್ಣಾಂಕ ಟೈಪುಗಳು ‘ಇಂಟ್’ ಆಗುತ್ತವೆ. ಓದಿಕೊಳ್ಳುವ ಫಂಕ್ಷನ್ ಸ್ಕ್ಯಾನ್‌ಎಫ್‌ಗೆ ಕೊಡುವುದು ಮೆಮೊರಿ ವಿಳಾಸವಾದ್ದರಿಂದ ಅಲ್ಲಿ ಈ ರಿಯಾಯಿತಿ ಇಲ್ಲ, ಡಬಲ್‌ಗೆ %ಎಲ್ಎಫ್ ಬೇಕೇ ಬೇಕು. ಟೈಪಿನ ಅಳತೆ ಹೇಳುವ ಸೈಜ್‌ಆಫ್ ಕೊಡುವ ಬೆಲೆಗೆ %ಜೆಡ್‌ಯು ಬಳಸಿ. ಅದಕ್ಕೆ ಲಾಂಗ್ ಟೈಪಿನ %ಎಲ್‌ಯು ಹಾಕಿದ ಕೋಡ್ 64 ಬಿಟ್ ಲಿನಕ್ಸಿನಲ್ಲಿ ಸರಿ ಕಾಣುತ್ತದೆ. ಲಾಂಗ್ 32 ಬಿಟ್ಟೇ ಆಗಿರುವ 64 ಬಿಟ್ ವಿಂಡೋಸಿನಲ್ಲಿ ಎಡವುತ್ತದೆ.

ಬಫರಿಗೆ ಬರೆಯುವಾಗ ಎಸ್‌ಪ್ರಿಂಟ್‌ಎಫ್ ಬಿಟ್ಟುಬಿಡಿ. 32 ಬಿಟ್ಟಿನ ಇಂಟ್‌ಗೆ 11 ಬೈಟು ಸಾಕೆಂದು ಲೆಕ್ಕ ಹಾಕಿದವರು -2147483648 ಬಂದ ದಿನ ಸಿಕ್ಕಿಬೀಳುತ್ತಾರೆ: ಬರಹಕ್ಕೇ 11, ಬರಹ ಮುಗಿಯಿತೆಂದು ಸಾರುವ ಕೊನೆಯ ಶೂನ್ಯ ಬೈಟಿಗೆ ಇನ್ನೊಂದು. ಎಸ್‌ಎನ್‌ಪ್ರಿಂಟ್‌ಎಫ್ ಆದರೆ ಗಡಿ ದಾಟುವುದಿಲ್ಲ, ಅಳತೆ 0 ಅಲ್ಲದಿದ್ದರೆ ಶೂನ್ಯ ಬೈಟನ್ನೂ ಮರೆಯುವುದಿಲ್ಲ. ಆದರೆ ಅದು ಹಿಂತಿರುಗಿಸುವುದು ಬರೆದ ಬೈಟುಗಳ ಲೆಕ್ಕವನ್ನಲ್ಲ. ಜಾಗವಿದ್ದಿದ್ದರೆ ಎಷ್ಟು ಬರೆಯುತ್ತಿತ್ತೋ ಆ ಲೆಕ್ಕವನ್ನು. ಉತ್ತರ ಬಫರಿನ ಅಳತೆಗೆ ಸಮ ಅಥವಾ ಹೆಚ್ಚಿದ್ದರೆ ಬರಹ ತುಂಡಾಗಿದೆ, ಋಣ ಸಂಖ್ಯೆಯಾದರೆ ಎಡವಟ್ಟಾಗಿದೆ. ನಲ್ ಬಫರ್, ಅಳತೆ 0 ಕೊಟ್ಟು ಕರೆದರೆ ಬೇಕಾದ ಉದ್ದ ಸಿಗುತ್ತದೆ; ಒಂದು ಕೂಡಿಸಿ ಮೆಮೊರಿ ಪಡೆದು ಮತ್ತೆ ಕರೆಯಬಹುದು.

ಈ ಉತ್ತರವನ್ನು ನೋಡದೆ, ಮುಂದೆ ಎಲ್ಲಿ ಬರೆಯಬೇಕೆಂದು ಹೇಳುವ ‘ಸ್ಥಾನ’ಕ್ಕೆ ಕೂಡಿಸುತ್ತ ಹೋಗುವ ಲೂಪ್ ಬಹಳ ಕಡೆ ಕಾಣುತ್ತದೆ. 16 ಬೈಟಿನ ಬಫರಿಗೆ 7 ಬೈಟಿನ ತುಂಡುಗಳನ್ನು ಸೇರಿಸುತ್ತಿದ್ದೇವೆ ಎನ್ನಿ. ಸ್ಥಾನ ಮೊದಲು 7, ಆಮೇಲೆ 14. ಮೂರನೆಯ ಸಲ ಉಳಿದದ್ದು 2 ಬೈಟು: ಒಂದೇ ಅಕ್ಷರ ಹಿಡಿಯುತ್ತದೆ, ಆದರೂ ಉತ್ತರ 7, ಸ್ಥಾನ 21. ನಾಲ್ಕನೆಯ ಕರೆಗೆ ಹೋಗುವ ಅಳತೆ 16ರಲ್ಲಿ 21 ಕಳೆದದ್ದು. ಅಳತೆಯ ಟೈಪಿಗೆ ಋಣ ಗೊತ್ತಿಲ್ಲ, 64 ಬಿಟ್ಟಿನಲ್ಲಿ ಅದು 18446744073709551611 ಆಗುತ್ತದೆ. ಸುರಕ್ಷಿತ ಎಂದು ಆರಿಸಿಕೊಂಡ ಫಂಕ್ಷನ್ನೇ ಬಫರಿನ ಆಚೆ, ಯಾವ ಮಿತಿಯೂ ಇಲ್ಲದೆ ಬರೆಯುತ್ತದೆ. ಪ್ರತಿ ಕರೆಯ ನಂತರ ಉತ್ತರ ಋಣವೋ, ಉಳಿದ ಜಾಗಕ್ಕೆ ಸಮವೋ ಹೆಚ್ಚೋ ಎಂದು ನೋಡಿ ನಿಲ್ಲಿಸುವುದೊಂದೇ ದಾರಿ. ಮೈಕ್ರೋಸಾಫ್ಟಿನ ವಿಷುವಲ್ ಸ್ಟುಡಿಯೋದ, ಅಂಡರ್‌ಸ್ಕೋರಿನಿಂದ ಶುರುವಾಗುವ ಹಳೆಯ ರೂಪವಂತೂ ತುಂಡಾದಾಗ ಋಣ ಸಂಖ್ಯೆ ಕೊಟ್ಟು ಶೂನ್ಯ ಬೈಟನ್ನೂ ಹಾಕದೆ ಬಿಡುತ್ತದೆ. ಸ್ಟ್ಯಾಂಡರ್ಡಿಗೆ ತಕ್ಕ ಎಸ್‌ಎನ್‌ಪ್ರಿಂಟ್‌ಎಫ್ ಅಲ್ಲಿಗೆ ಬಂದದ್ದು 2015ರ ಆವೃತ್ತಿಯಲ್ಲಿ.

ಹೊರಗಿನವರು ಕೊಟ್ಟ ಬರಹವನ್ನು ಫಾರ್ಮ್ಯಾಟ್ ಸ್ಟ್ರಿಂಗಿನ ಜಾಗದಲ್ಲಿ ಎಂದೂ ಇಡಬೇಡಿ. ಅದರಲ್ಲಿ %ಎಕ್ಸ್ ಇದ್ದರೆ ಸ್ಟ್ಯಾಕಿನಲ್ಲಿ (ಫಂಕ್ಷನ್ನುಗಳು ಬಳಸುವ ಮೆಮೊರಿ) ಇರುವುದು ಹೊರಗೆ ಬೀಳುತ್ತದೆ. %ಎನ್ ಇನ್ನೂ ಕೆಟ್ಟದ್ದು, ಈವರೆಗೆ ಬರೆದ ಲೆಕ್ಕವನ್ನು ಅದು ಮೆಮೊರಿಗೇ ಬರೆಯುತ್ತದೆ. ಪ್ರಿಂಟ್‌ಎಫ್("%ಎಸ್", ಹೆಸರು) ಎಂದು ಬರೆದರೆ ಮುಗಿಯಿತು.

ಜಿಸಿಸಿ ಕಂಪೈಲರಿನಲ್ಲಿ -ಡಬ್ಲ್ಯುಆಲ್ ಹಾಕಿದರೆ ಟೈಪ್ ಹೊಂದದ ಕಡೆ ಎಚ್ಚರಿಕೆ ಬರುತ್ತದೆ. ಆದರೆ ಲಾಗ್ ಬರೆಯಲು ನೀವೇ ಮಾಡಿಕೊಂಡ ಫಂಕ್ಷನ್ ಒಳಗೆ ವಿಪ್ರಿಂಟ್‌ಎಫ್ ಕರೆಯುತ್ತಿದ್ದರೆ ಅದು ಕಂಪೈಲರಿಗೆ ಗೊತ್ತಾಗುವುದಿಲ್ಲ. ಘೋಷಣೆಯಲ್ಲಿ ಫಾರ್ಮ್ಯಾಟ್ ಆಟ್ರಿಬ್ಯೂಟ್ ಹಾಕಿ, ಫಾರ್ಮ್ಯಾಟ್ ಎಷ್ಟನೆಯ ಆರ್ಗ್ಯುಮೆಂಟ್, ಬೆಲೆಗಳು ಎಷ್ಟನೆಯದರಿಂದ ಶುರು ಎಂದು ಎರಡು ಅಂಕಿ ಕೊಡಬೇಕು. ಅದೇ ಲಾಗನ್ನು ಪರದೆಗೂ ಫೈಲಿಗೂ ಬರೆಯುವುದಾದರೆ ಒಂದೇ ವಿಎ ಲಿಸ್ಟನ್ನು ಎರಡು ಸಲ ಬಳಸಬೇಡಿ. ಮೊದಲ ಕರೆಯೇ ಅದನ್ನು ಖಾಲಿ ಮಾಡಿರುತ್ತದೆ, ಎರಡನೆಯದಕ್ಕೆ ವಿಎ ಕಾಪಿಯಿಂದ ಮೊದಲೇ ಪ್ರತಿ ತೆಗೆದಿಟ್ಟುಕೊಂಡಿರಬೇಕು.