ಒಂದೇ ನೋಟ, ಐದು ಕ್ಲಿಕ್ಕು

ಚಿಕ್ಕಬಳ್ಳಾಪುರದ ಹತ್ತಿರ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದೊಳಗೆ ಕರಿಕಲ್ಲಿನ ಪುಟ್ಟ ಕಲ್ಯಾಣ ಮಂಟಪವಿದೆ. ಕಂಬಗಳ ಮೇಲೆಲ್ಲ ಬಳ್ಳಿ, ಹಕ್ಕಿಗಳ ಕುಸುರಿ. ಮಟಮಟ ಮಧ್ಯಾಹ್ನ ಅದನ್ನೂ ಆಚೆಯ ಅಂಗಳವನ್ನೂ ಒಂದೇ ಚಿತ್ರದಲ್ಲಿ ಹಿಡಿಯಲು ಹೋದೆ. ಕೆತ್ತನೆ ಕಂಡರೆ ಅಂಗಳ ಸುಣ್ಣ ಬಳಿದಂತೆ ಬೆಳ್ಳಗೆ. ಅಂಗಳ ಸರಿಹೋದರೆ ಕಂಬ ಬರೀ ಮಸಿ.

ಲೆಕ್ಕ ಹಾಕಿ ನೋಡಿ. ಬೆಳಕನ್ನು ಅಳೆಯುವ ಮಾನ ಲಕ್ಸ್. ನೆತ್ತಿಯ ಬಿಸಿಲೆಂದರೆ ಸುಮಾರು 1 ಲಕ್ಷ ಲಕ್ಸ್. ಒಳಗಿನ ಮೂಲೆಯಲ್ಲಿ 25 ಲಕ್ಸ್ ಇದ್ದರೆ ವ್ಯತ್ಯಾಸ 4,000 ಪಟ್ಟು. ಬೆಳಕು ಒಮ್ಮೆ ಇಮ್ಮಡಿಯಾದರೆ ಛಾಯಾಗ್ರಾಹಕರು ಅದನ್ನು ಒಂದು ಸ್ಟಾಪ್ ಅನ್ನುತ್ತಾರೆ. ಇಲ್ಲಿ 12 ಸ್ಟಾಪ್. ಬೆಳಕನ್ನು ನುಂಗುವ ಕರಿಕಲ್ಲು ಬೇರೆ! ನಮ್ಮ ಕಣ್ಣು ಅತ್ತಿತ್ತ ಹರಿದಾಡಿ ಹೊಂದಿಕೊಳ್ಳುತ್ತದೆ, ಮಿದುಳು ಎಲ್ಲವನ್ನೂ ಸೇರಿಸಿ ಒಂದು ನೋಟ ಮಾಡಿಕೊಡುತ್ತದೆ. ಕ್ಯಾಮೆರಾಗೆ ಆ ಸೌಲಭ್ಯವಿಲ್ಲ.

ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನ ಒಂದೊಂದು ಪಿಕ್ಸೆಲ್ಲೂ ಮಳೆಗೆ ಇಟ್ಟ ಚೊಂಬು. ತುಂಬಿದ ಮೇಲೆ ಎಷ್ಟು ಸುರಿದರೂ ಲೆಕ್ಕ ಸಿಗದು. ಅಂಗಳದ ಹಾಸುಗಲ್ಲಿನ ಗೆರೆಗಳು ಕಳೆದುಹೋಗುವುದು ಹೀಗೆ. ಕತ್ತಲ ಕಡೆಯ ಚೊಂಬಿಗೆ ನಾಲ್ಕೇ ಹನಿ. ಸೆನ್ಸರಿನದೇ ಗದ್ದಲದಲ್ಲಿ ಆ ಹನಿಗಳು ಮುಳುಗುತ್ತವೆ.

ಎಕ್ಸ್‌ಪೋಶರ್ ಬ್ರಾಕೆಟಿಂಗ್ ಇದಕ್ಕೆ ದಾರಿ: ಒಂದೇ ನೋಟವನ್ನು ಬೇರೆ ಬೇರೆ ಪ್ರಮಾಣದ ಬೆಳಕು ಬಿಟ್ಟು ಹಲವು ಸಲ ತೆಗೆದು, ಆಮೇಲೆ ಜೋಡಿಸುವುದು. ಟವೆಲು ಮಡಿಸಿ ಕಂಬದ ಬುಡದಲ್ಲಿಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿ, ಟೈಮರ್ ಹಾಕಿದೆ. ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಅಂದರೆ ಐಎಸ್‌ಒ, 100. ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ಎಫ್/8. ಇವೆರಡನ್ನೂ ಮುಟ್ಟಬಾರದು: ಅಪರ್ಚರ್ ಬದಲಾದರೆ ಚಿತ್ರ ಎಷ್ಟು ಆಳದವರೆಗೆ ಸ್ಪಷ್ಟ ಅನ್ನುವುದೇ ಬದಲಾಗಿ ಒಂದಕ್ಕೊಂದು ಕೂಡುವುದಿಲ್ಲ. ಶಟರ್ ತೆರೆದಿರುವ ಹೊತ್ತನ್ನು ಮಾತ್ರ 1/500, 1/125, 1/30, 1/8, 1/2 ಸೆಕೆಂಡಿಗೆ ಏರಿಸುತ್ತ ಹೋದೆ. ಪ್ರತಿ ಸಲವೂ ನಾಲ್ಕು ಪಟ್ಟು ಹೆಚ್ಚು ಬೆಳಕು.

ಉಪಾಯ ಹಳೆಯದೇ. 1850ರ ದಶಕದಲ್ಲಿ ಫ್ರಾನ್ಸಿನ ಛಾಯಾಗ್ರಾಹಕ ಗುಸ್ತಾವ್ ಲ ಗ್ರೇ ಆಕಾಶಕ್ಕೊಂದು, ಕಡಲಿಗೊಂದು ನೆಗೆಟಿವ್ ತೆಗೆದು ಒಂದೇ ಚಿತ್ರವಾಗಿ ಮುದ್ರಿಸಿದ್ದ. 1997ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ಬೇರೆ ಬೇರೆ ಎಕ್ಸ್‌ಪೋಶರುಗಳಿಂದ ದೃಶ್ಯದ ನಿಜವಾದ ಬೆಳಕಿನ ಪ್ರಮಾಣವನ್ನು ಲೆಕ್ಕ ಹಾಕುವ ವಿಧಾನ ಪ್ರಕಟಿಸಿದರು. ಚಿತ್ರಗಳನ್ನು ಜೋಡಿಸುವ ಸಾಫ್ಟ್‌ವೇರ್ ಪ್ರತಿ ಬಿಂದುವಿನಲ್ಲೂ ತುಂಬಿ ತುಳುಕದ, ತೀರಾ ಬರಿದೂ ಆಗದ ಚೊಂಬುಗಳನ್ನೇ ಹೆಚ್ಚು ನಂಬುತ್ತದೆ. ಎಷ್ಟು ಹೊತ್ತಿನಲ್ಲಿ ಅಷ್ಟು ತುಂಬಿತು ಎಂದು ಭಾಗಿಸಿದರೆ ಬೆಳಕಿನ ಅಳತೆ ಸಿಕ್ಕಿತು. ಆಮೇಲೆ ಅದನ್ನು ಮೊಬೈಲ್ ಪರದೆ ತೋರಿಸಬಲ್ಲ ಮಟ್ಟಕ್ಕೆ ಇಳಿಸಬೇಕು. ಅದೇ ಟೋನ್ ಮ್ಯಾಪಿಂಗ್.

ಮೊದಲ ಸಲ ನನ್ನ ಚಿತ್ರ ಕೆಟ್ಟಿತು. ಪ್ರದಕ್ಷಿಣೆ ಹಾಕುತ್ತಿದ್ದ ಕೆಂಪು ಸೀರೆಯ ಅಜ್ಜಿಯೊಬ್ಬರು ಐದೂ ಕ್ಲಿಕ್ಕಿನಲ್ಲಿ ಬೇರೆ ಬೇರೆ ಜಾಗದಲ್ಲಿದ್ದರು. ಜೋಡಿಸಿದ ಚಿತ್ರದಲ್ಲಿ ಕಂಬ ಕಂಬದ ನಡುವೆಯೂ ಅವರ ಪಾರದರ್ಶಕ ನೆರಳು. ಎರಡನೇ ಸಲ ಅವರು ದಾಟುವವರೆಗೆ ಕಾದೆ.

ಟೋನ್ ಮ್ಯಾಪಿಂಗಿನಲ್ಲಿ ಕೈ ಬಿಗಿಹಿಡಿಯಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಮೂಲೆ ಮೂಲೆಯನ್ನೂ ಬೆಳಗಿಸಿದರೆ ಗುಡಿಯ ತಂಪು ಹೋಗುತ್ತದೆ, ಕಂಬದ ಅಂಚಿಗೆ ಪ್ರಭಾವಳಿಯಂಥ ಬಿಳಿ ಗೆರೆ ಏಳುತ್ತದೆ. ನಾನು ಚಾವಣಿಯನ್ನು ಕತ್ತಲಲ್ಲೇ ಬಿಟ್ಟೆ. ಅಂಗಳದ ಹಾಸುಗಲ್ಲಿನ ಸಂದುಗಳು 1/500ರ ಚಿತ್ರದಿಂದ ಬಂದವು. ಬರಿಗಣ್ಣಿಗೆ ನಾನು ಗಮನಿಸದೇ ಇದ್ದ, ಬಳ್ಳಿಯ ಸುರುಳಿಯೊಳಗಿನ ಸಣ್ಣ ಹಕ್ಕಿ ಅರ್ಧ ಸೆಕೆಂಡಿನ ಚಿತ್ರದಿಂದ ಬಂತು.