ಹಳೇ ಗೇಮ್ ಕ್ಯಾಸೆಟ್: ಅಸಲಿಯನ್ನೇ ಹುಡುಕಬೇಕಾ, ಮರುಬಿಡುಗಡೆ ಸಾಕಾ?

ಪ್ರಶ್ನೆ: ಚಿಕ್ಕಂದಿನಲ್ಲಿ ಟಿವಿಗೆ ಜೋಡಿಸಿ ಆಡುತ್ತಿದ್ದ ವಿಡಿಯೋ ಗೇಮ್‌ಗಳನ್ನು ಒಂದೊಂದಾಗಿ ಕೂಡಿಸಬೇಕು ಅಂತ ಆಸೆ. ಹಳೆಯ ಅಸಲಿ ಕ್ಯಾಸೆಟ್‌ಗಳ ಬೆಲೆ ಕೇಳಿದರೆ ಗಾಬರಿಯಾಗುತ್ತದೆ. ಅವೇ ಗೇಮ್‌ಗಳು ಈಗ ಹೊಸ ಕ್ಯಾಸೆಟ್‌ನಲ್ಲಿ ಮತ್ತೆ ಬರುತ್ತಿವೆ. ಯಾವುದನ್ನು ಕೊಳ್ಳಲಿ?

ಉತ್ತರ: ಕೂತು ಆಡುವುದಕ್ಕಾದರೆ ಮರುಬಿಡುಗಡೆ ಧಾರಾಳವಾಗಿ ಸಾಕು. ಆ ಗೇಮ್ ಆ ಕಾಲದಲ್ಲಿ ಯಾವ ರೂಪದಲ್ಲಿ ಜನರ ಮನೆಗೆ ಬಂತೋ ಅದೇ ವಸ್ತು ಕೈಯಲ್ಲಿರಬೇಕು ಅನ್ನುವುದಾದರೆ ಮಾತ್ರ ಅಸಲಿ ಬೇಕು. ಯಾವುದನ್ನೇ ಕೊಳ್ಳಿ, ದುಡ್ಡು ಕೊಡುವ ಮುಂಚೆ ಕೇಳಬೇಕಾದ್ದು ಒಂದೇ: ಒಳಗಿನ ಬೋರ್ಡ್, ಅಂದರೆ ಚಿಪ್‌ಗಳನ್ನು ಕೂರಿಸಿದ ಹಲಗೆ, ಹೇಗಿದೆ? ಸ್ಟಿಕ್ಕರ್ ಹೊಳಪಿಗೆ ಮರುಳಾಗುವವರೇ ಜಾಸ್ತಿ. ಹಾಗಾಗಿ ಬೋರ್ಡಿನ ವಿಷಯವನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗೇಮ್ ಕ್ಯಾಸೆಟ್ ಅಂದರೆ ಸಿಡಿ ಥರ ಮಾಹಿತಿ ತುಂಬಿದ ತಟ್ಟೆ ಅಲ್ಲ. ಅದು ಕನ್ಸೋಲ್‌ನದೇ, ಅಂದರೆ ಗೇಮ್ ಆಡಿಸುವ ಯಂತ್ರದ್ದೇ ಒಂದು ಭಾಗ. ಸಿಕ್ಕಿಸಿದ ಕೂಡಲೇ ಪಿನ್‌ಗಳ ಮೂಲಕ ಎರಡೂ ಸೇರಿ ಒಂದೇ ಯಂತ್ರವಾಗುತ್ತವೆ. 1985ರ ಸೂಪರ್ ಮಾರಿಯೋ ಬ್ರದರ್ಸ್‌ನಂಥ ಗೇಮ್‌ಗೆ ಹೆಚ್ಚೇನೂ ಬೇಕಿರಲಿಲ್ಲ. ಇಡೀ ಗೇಮ್ 40 ಕಿಲೋಬೈಟ್. ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೋದ ಮೂಲೆಗೂ ಅದು ಸಾಲದು. ಆದರೆ 1993ರಲ್ಲಿ ಬಂದ ಸ್ಟಾರ್ ಫಾಕ್ಸ್ ನೋಡಿ. ನಿಂಟೆಂಡೊ ಕಂಪನಿಯ ಸೂಪರ್ ನಿಂಟೆಂಡೊ ಕನ್ಸೋಲ್‌ಗೆ ಅಂಥ ಮೂರು ಆಯಾಮದ ಚಿತ್ರಗಳನ್ನು ಬಿಡಿಸುವ ತಾಕತ್ತು ಇರಲಿಲ್ಲ. ಅದಕ್ಕೆ ಸೂಪರ್ ಎಫ್‌ಎಕ್ಸ್ ಅನ್ನುವ ಇನ್ನೊಂದು ಪ್ರೊಸೆಸರನ್ನೇ ಕ್ಯಾಸೆಟ್ ಒಳಗೆ ಕೂರಿಸಿದರು. ಗೇಮ್ ಕೊಂಡವರು ಹೊಸ ಶಕ್ತಿಯನ್ನೇ ಕೊಂಡು ಕನ್ಸೋಲ್‌ಗೆ ಸೇರಿಸಿದ ಹಾಗಾಯಿತು.

ನಿಂಟೆಂಡೊದ್ದೇ ಗೇಮ್ ಬಾಯ್ ಅಂದರೆ ಕೈಯಲ್ಲಿ ಹಿಡಿದು ಆಡುವ ಯಂತ್ರ. ಅದರ ಒಂದು ಹಳೇ ಕ್ಯಾಸೆಟ್ ಬಿಚ್ಚಿ ನೋಡೋಣ. ಹಿಂಭಾಗದಲ್ಲಿ ಒಂದೇ ಸ್ಕ್ರೂ ಇರುತ್ತದೆ, ಮಾಮೂಲಿ ಸ್ಕ್ರೂಡ್ರೈವರ್‌ಗೆ ಬಗ್ಗುವುದಿಲ್ಲ. 3.8 ಮಿಲಿಮೀಟರ್ ಗೇಮ್‌ಬಿಟ್ ಅಂತ ಕೇಳಿ ತರಿಸಬೇಕು. ಮುಚ್ಚಳವನ್ನು ಕೆಳಕ್ಕೆ ಜಾರಿಸಿದರೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಬೋರ್ಡ್ ಕಾಣುತ್ತದೆ. ಒಂದು ಚಿಪ್‌ನಲ್ಲಿ ಗೇಮ್ ಇದೆ. ಅದು ಕಾರ್ಖಾನೆಯಲ್ಲೇ ಕೆತ್ತಿದ ಹಾಗೆ ಮಾಡಿದ ರೋಮ್, ಬರೆಯಲೂ ಆಗದು, ಅಳಿಸಲೂ ಆಗದು. ಮೂವತ್ತು ವರ್ಷ ದಾಟಿದರೂ ಇವು ಕೆಡುವುದು ಅಪರೂಪ. ಪಕ್ಕದಲ್ಲಿ ಪುಟ್ಟ ರ‍್ಯಾಮ್ ಚಿಪ್. ಎಲ್ಲಕ್ಕಿಂತ ಎದ್ದು ಕಾಣುವುದು ಗುಂಡನೆಯ ಬೆಳ್ಳಿಬಣ್ಣದ ಬ್ಯಾಟರಿ.

ಹಳೇ ಕ್ಯಾಸೆಟ್‌ನಲ್ಲಿ ಮೊದಲು ಸಾಯುವುದು ಈ ಬ್ಯಾಟರಿಯೇ. ನೀವು ಸೇವ್ ಮಾಡಿದ ಆಟ ಆ ರ‍್ಯಾಮ್‌ನಲ್ಲಿರುತ್ತದೆ. ಕರೆಂಟ್ ಇಲ್ಲದಾಗ ಅದನ್ನು ಕಾಯುವುದು 3 ವೋಲ್ಟ್‌ನ ಬ್ಯಾಟರಿ. ಅದು ಖಾಲಿಯಾದರೆ ಸೇವ್ ಹೋಯಿತು, ಗೇಮ್ ಮಾತ್ರ ಮೊದಲಿನ ಹಾಗೇ ಓಡುತ್ತದೆ. ಪೋಕೆಮಾನ್ ಗೋಲ್ಡ್, ಸಿಲ್ವರ್ ಗೇಮ್‌ಗಳಲ್ಲಿ ಗಡಿಯಾರವೂ ಅದೇ ಬ್ಯಾಟರಿಯಿಂದ ನಡೆಯುವುದರಿಂದ ಬೇಗ ಮುಗಿಯುತ್ತದೆ. ಆಮೇಲೆ ಬಂದ ಗೇಮ್ ಬಾಯ್ ಅಡ್ವಾನ್ಸ್‌ನ ಪೋಕೆಮಾನ್ ರೂಬಿ, ಸಫೈರ್ ಕತೆ ಬೇರೆ. ಅಲ್ಲಿ ಸೇವ್ ಇರುವುದು ಕರೆಂಟ್ ಇಲ್ಲದೆಯೂ ನೆನಪಿಟ್ಟುಕೊಳ್ಳುವ ಫ್ಲ್ಯಾಶ್ ಚಿಪ್‌ನಲ್ಲಿ. ಬ್ಯಾಟರಿ ಹೋದರೆ ಗಡಿಯಾರ ನಿಲ್ಲುತ್ತದೆ ಅಷ್ಟೇ. "ಸೇವ್ ಆಗಲ್ಲ" ಅಂತ ಯಾರಾದರೂ ಕಡಿಮೆ ಬೆಲೆಗೆ ಮಾರುತ್ತಿದ್ದರೆ, ಅದು ಯಾವ ಗೇಮ್ ಅಂತ ಕೇಳಿ. ಬ್ಯಾಟರಿ ಬದಲಾಯಿಸಿದರೆ ಸರಿಹೋಗುವ ಕ್ಯಾಸೆಟ್ಟೋ ಅಥವಾ ನಕಲಿಯೋ ಅನ್ನುವುದರ ಅಂದಾಜು ಅಲ್ಲೇ ಸಿಗುತ್ತದೆ.

ಬ್ಯಾಟರಿಯನ್ನು ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಕಾಲುಗಳಿರುವ ಬ್ಯಾಟರಿಯನ್ನೇ ತನ್ನಿ, ಮಾಮೂಲಿ ಬ್ಯಾಟರಿಗೆ ನೇರ ಬೆಸುಗೆ ಹಾಕಲು ಹೋಗಬೇಡಿ. ಬಿಸಿಗೆ ಅದು ಸಿಡಿಯಬಹುದು. ಬದಲಾಯಿಸುವಾಗ ಹಳೆಯ ಸೇವ್ ಅಳಿಸಿಹೋಗುತ್ತದೆ. ಇಪ್ಪತ್ತೈದು ವರ್ಷದ ಹಿಂದೆ ಯಾವುದೋ ಮಗು ಹೆಸರಿಟ್ಟು ಸಾಕಿದ ಪೋಕೆಮಾನ್‌ಗಳು ಅದರಲ್ಲಿರಬಹುದು. ಕ್ಯಾಸೆಟ್‌ನಲ್ಲಿರುವುದನ್ನು ಓದುವ ಕಾರ್ಟ್ರಿಜ್ ರೀಡರ್ ಎಂಬ ಸಾಧನ ಇದ್ದರೆ ಮೊದಲು ಕಂಪ್ಯೂಟರ್‌ಗೆ ಇಳಿಸಿಟ್ಟುಕೊಳ್ಳಿ.

ಈಗ ಮರುಬಿಡುಗಡೆಗೆ ಬರೋಣ. ಇದರಲ್ಲಿ ಎರಡು ಜಾತಿ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಗೇಮ್‌ನ ಒಡೆತನ ಇರುವ ಕಂಪನಿಯಿಂದ ಪರವಾನಗಿ ಪಡೆದು ಮಾಡುವುದು ಒಂದು. ಯಾರನ್ನೂ ಕೇಳದೆ ಬೋರ್ಡ್ ಅಚ್ಚು ಹಾಕಿ ಮಾರುವುದು ಇನ್ನೊಂದು.

ಪರವಾನಗಿಯದರಲ್ಲಿ ನನಗೆ ತುಂಬ ಇಷ್ಟವಾದ ಉದಾಹರಣೆ ಮೆಗಾ ಮ್ಯಾನ್: ದಿ ವೈಲಿ ವಾರ್ಸ್. 1990ರ ದಶಕದಲ್ಲಿ ಸೆಗಾ ಕಂಪನಿಯ ಮೆಗಾ ಡ್ರೈವ್ ಕನ್ಸೋಲ್‌ಗೆ ಇದು ಜಪಾನ್, ಯುರೋಪ್‌ಗಳಲ್ಲಿ ಕ್ಯಾಸೆಟ್ ಆಗಿ ಬಂತು. ಅಮೆರಿಕದಲ್ಲಿ ಮಾತ್ರ ಸೆಗಾ ಚಾನೆಲ್ ಎಂಬ ಕೇಬಲ್ ಸೇವೆಯ ಮೂಲಕ ಸಿಗುತ್ತಿತ್ತು. ಆ ಸೇವೆ ನಿಂತಿತು, ಗೇಮ್ ಕೈತಪ್ಪಿತು. 2021ರಲ್ಲಿ ರೆಟ್ರೋ-ಬಿಟ್ ಕಂಪನಿ ಗೇಮ್‌ನ ಒಡೆತನವಿರುವ ಕ್ಯಾಪ್‌ಕಾಮ್‌ನ ಪರವಾನಗಿಯಿಂದ ಅದನ್ನು ಕ್ಯಾಸೆಟ್ ಮಾಡಿ ಅಮೆರಿಕದವರ ಕೈಗೆ ಕೊಟ್ಟಿತು. ಇಂಥ ಕಡೆ ಮರುಬಿಡುಗಡೆಯನ್ನು ಎರಡನೇ ದರ್ಜೆ ಅನ್ನಲು ಹೇಗಾಗುತ್ತದೆ? ಕ್ಯಾಸೆಟ್ ಅಲ್ಲದಿದ್ದರೂ ಸ್ಟಾರ್ ಫಾಕ್ಸ್ 2 ಕೂಡ ಹೀಗೇ. 1990ರ ದಶಕದ ನಡುವೆ ತಯಾರಾಗಿ ಮೂಲೆ ಸೇರಿದ ಗೇಮ್ ಅದು. ಜನರಿಗೆ ಸಿಕ್ಕಿದ್ದು 2017ರಲ್ಲಿ, ಸೂಪರ್ ನಿಂಟೆಂಡೊ ಕನ್ಸೋಲನ್ನೇ ಪುಟಾಣಿ ಮಾಡಿ ಮರುಬಿಡುಗಡೆ ಮಾಡಿದಾಗ ಅದರೊಳಗೆ.

ಹಾಗಂತ ಪರವಾನಗಿ ಇದ್ದರೆ ಸಾಕು ಅಂತ ಕಣ್ಣುಮುಚ್ಚಬೇಡಿ. 2017ರಲ್ಲೇ ಸ್ಟ್ರೀಟ್ ಫೈಟರ್ ಸರಣಿಯ ವಾರ್ಷಿಕೋತ್ಸವಕ್ಕೆ ಕ್ಯಾಪ್‌ಕಾಮ್ ಹೆಸರಿನಲ್ಲೇ ಸ್ಟ್ರೀಟ್ ಫೈಟರ್ 2 ಗೇಮ್‌ನ 5,500 ಕ್ಯಾಸೆಟ್‌ಗಳು ಬಂದವು. ಮಾರಾಟದ ಪುಟದಲ್ಲಿ ಒಂದು ಎಚ್ಚರಿಕೆಯಿತ್ತು: ಇದನ್ನು ಹಳೇ ಕನ್ಸೋಲ್‌ನಲ್ಲಿ ಹಾಕಿದರೆ ಕನ್ಸೋಲ್ ಬಿಸಿಯಾಗಬಹುದು, ಬೆಂಕಿಯೂ ಹತ್ತಬಹುದು, ಬೆಂಕಿ ಆರಿಸುವ ಸಾಧನ ಹತ್ತಿರ ಇಟ್ಟುಕೊಳ್ಳಿ. ವಕೀಲರು ಬರೆಸಿದ ಮಾತೇ ಇರಬಹುದು. ಆದರೂ ಆಡಬೇಕಾದ ವಸ್ತುವನ್ನು ಹೀಗೆ ಹೇಳಿ ಮಾರುವುದು ನನಗೆ ಸರಿ ಕಾಣುವುದಿಲ್ಲ. ಕನ್ಸೋಲ್‌ನಲ್ಲಿ ಹಾಕಲು ಮಾರುವವರೇ ಹೆದರುವ ಕ್ಯಾಸೆಟ್ ಗೋಡೆಗೆ ನೇತುಹಾಕಲು ಮಾತ್ರ.

ಪರವಾನಗಿ ಇಲ್ಲದ ಅಗ್ಗದ ಬೋರ್ಡ್‌ಗಳಲ್ಲಿ ತೊಂದರೆ ಬರುವುದು ವೋಲ್ಟೇಜ್‌ನಿಂದ. ಎನ್‌ಇಎಸ್ (ಸೂಪರ್ ನಿಂಟೆಂಡೊಗೆ ಮುಂಚಿನ ನಿಂಟೆಂಡೊ ಕನ್ಸೋಲ್), ಸೂಪರ್ ನಿಂಟೆಂಡೊ, ಮೆಗಾ ಡ್ರೈವ್, ಹಳೇ ಗೇಮ್ ಬಾಯ್ ಎಲ್ಲವೂ 5 ವೋಲ್ಟ್‌ನಲ್ಲಿ ನಡೆಯುತ್ತವೆ. ಇವತ್ತು ಸಿಗುವ ಫ್ಲ್ಯಾಶ್ ಚಿಪ್‌ಗಳು ಹೆಚ್ಚಾಗಿ 3.3 ವೋಲ್ಟ್‌ನವು. ನಡುವೆ ವೋಲ್ಟೇಜ್ ಹೊಂದಿಸುವ ಚಿಪ್ ಬೇಕು. ದುಡ್ಡು ಉಳಿಸಲು ಅದನ್ನು ಬಿಟ್ಟು ನೇರ ಜೋಡಿಸುತ್ತಾರೆ. ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಕ್ಯಾಸೆಟ್ ಕೆಡುತ್ತದೆ, ಕನ್ಸೋಲ್‌ನ ಚಿಪ್‌ಗಳ ಮೇಲೂ ಸುಮ್ನೆ ಹೊರೆ ಬೀಳುತ್ತದೆ. ಬೋರ್ಡಿನ ಅಂಚನ್ನು ಇಳಿಜಾರಾಗಿ ಉಜ್ಜದೆ ಹಾಗೇ ಬಿಟ್ಟಿದ್ದರೆ ಪ್ರತಿ ಸಲ ಸಿಕ್ಕಿಸುವಾಗಲೂ ಕನ್ಸೋಲ್‌ನ ಪಿನ್‌ಗಳಿಗೆ ಗೀರು ಬೀಳುತ್ತದೆ. ಒಳ್ಳೆಯ ತಯಾರಕರು ಬೋರ್ಡಿನ ಫೋಟೋವನ್ನು ತಾವಾಗಿಯೇ ತೋರಿಸುತ್ತಾರೆ. ತೋರಿಸದವರನ್ನು ಕೇಳಿ.

ಅಸಲಿ ಅಂತ ಹೇಳಿ ಇದೇ ಅಗ್ಗದ ಬೋರ್ಡ್ ಮಾರುವವರೂ ಇದ್ದಾರೆ. ಗೇಮ್ ಬಾಯ್ ಅಡ್ವಾನ್ಸ್ ಕ್ಯಾಸೆಟ್‌ನಲ್ಲಿ ಇದನ್ನು ಬಿಚ್ಚದೆಯೇ ಪತ್ತೆ ಮಾಡಬಹುದು. ಕೆಳಗಿನಿಂದ ನೋಡಿದರೆ ಪಿನ್‌ಗಳ ಮೇಲ್ಗಡೆ ಬೋರ್ಡ್ ಮೇಲೆ ನಿಂಟೆಂಡೊ ಅಂತ ಅಚ್ಚಾಗಿರಬೇಕು. ಸ್ಟಿಕ್ಕರನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಒತ್ತಿ ಮೂಡಿಸಿದ ಪುಟ್ಟ ಸಂಖ್ಯೆ ಕಾಣಬೇಕು. ಎರಡೂ ಇಲ್ಲದಿದ್ದರೆ ಕೈಬಿಡಿ.

ನಮ್ಮೂರುಗಳ ಮಾತು ಬೇರೆಯೇ ಇದೆ. ನಿಂಟೆಂಡೊದ ಎನ್‌ಇಎಸ್ ಭಾರತದಲ್ಲಿ ಸಮುರಾಯ್ ಎಂಬ ಹೆಸರಿನಲ್ಲಿ ಬಂದಿತ್ತು. ಆದರೆ 1990ರ ದಶಕದಲ್ಲಿ ನಮ್ಮಲ್ಲಿ ಹೆಚ್ಚಿನವರು ಆಡಿದ್ದು ಎನ್‌ಇಎಸ್‌ನ ಜಪಾನಿ ರೂಪವಾದ ಫ್ಯಾಮಿಕಾಮ್‌ನ ತದ್ರೂಪುಗಳಲ್ಲಿ. ಹಳದಿ ಕ್ಯಾಸೆಟ್ ಮೇಲೆ ಲಕ್ಷಗಟ್ಟಲೆ ಗೇಮ್ ಅಂತ ಬರೆದಿರುತ್ತಿತ್ತು. ಪಟ್ಟಿಯಲ್ಲಿ ಕೆಳಗೆ ಹೋದ ಹಾಗೆ ಅದೇ ಕಾಂಟ್ರಾ, ಅದೇ ಸರ್ಕಸ್ ಚಾರ್ಲಿ ಬೇರೆ ಬೇರೆ ಹಂತದಿಂದ ಶುರುವಾಗುತ್ತಿದ್ದವು. ಆ ಕ್ಯಾಸೆಟ್‌ಗಳನ್ನು ಯಾವ ಕಂಪನಿಯೂ ಪರವಾನಗಿ ಪಡೆದು ಮತ್ತೆ ತರುವುದಿಲ್ಲ, ತರಲು ಸಾಧ್ಯವೂ ಇಲ್ಲ. ಮನೆಯ ಅಟ್ಟದಲ್ಲಿ ಒಂದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ನಮ್ಮ ಮಕ್ಕಳು ಆ ಕಾಲದಲ್ಲಿ ನಿಜವಾಗಿ ಏನು ಆಡಿದರು ಅನ್ನುವುದಕ್ಕೆ ಉಳಿದಿರುವ ಸಾಕ್ಷಿ ಅದು. ಕಾನೂನಿನ ಲೆಕ್ಕದಲ್ಲಿ ನಕಲಿ. ಆದರೆ ಕರ್ನಾಟಕದ ಸಂಗ್ರಹವೊಂದರಲ್ಲಿ ಸೀಲ್ ಒಡೆಯದ ಅಮೆರಿಕದ ಡಬ್ಬಕ್ಕಿಂತ ಅದಕ್ಕೇ ಮುಂದಿನ ಸಾಲಿನ ಜಾಗ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಇದರಲ್ಲಿ ಒಂದು ಅನುಕೂಲವೂ ಇದೆ. ನಮ್ಮ ಆ ಕ್ಯಾಸೆಟ್‌ಗಳಿಗೆ ಜಪಾನಿನ ಫ್ಯಾಮಿಕಾಮ್‌ನ ಹಾಗೆ 60 ಪಿನ್. ಅಮೆರಿಕದ ಎನ್‌ಇಎಸ್‌ಗೆ 72. ಹೀಗಾಗಿ ಬಾಲ್ಯದ ಕ್ಯಾಸೆಟ್‌ಗಳನ್ನು ಒಳ್ಳೆಯ ಕನ್ಸೋಲ್‌ನಲ್ಲಿ ಆಡಬೇಕೆಂದರೆ ಜಪಾನಿನದನ್ನೇ ಕೊಳ್ಳಿ. ಅದರಲ್ಲೂ 1993ರಲ್ಲಿ ಬಂದ ಎವಿ ಫ್ಯಾಮಿಕಾಮ್ ನೋಡಿ. 1983ರ ಮೊದಲ ಮಾದರಿ ಆಂಟೆನಾ ತಂತಿಯಿಂದ, ಜಪಾನಿನ ಚಾನೆಲ್‌ನಲ್ಲಿ ಮಾತ್ರ ಚಿತ್ರ ಕೊಡುತ್ತದೆ. ನಮ್ಮ ಟಿವಿಗಳಲ್ಲಿ ಅದನ್ನು ಹಿಡಿಯುವುದು ಒದ್ದಾಟ. ಎವಿ ಮಾದರಿಗೆ ವಿಡಿಯೋ ತಂತಿ ನೇರ ಸಿಕ್ಕಿಸಬಹುದು.

ಕರೆಂಟ್ ವಿಷಯದಲ್ಲಿ ಹುಷಾರು. ಜಪಾನಿನ ಅಡಾಪ್ಟರ್ 100 ವೋಲ್ಟ್‌ಗೆ ಮಾಡಿದ್ದು. ನಮ್ಮ 230 ವೋಲ್ಟ್ ಪ್ಲಗ್‌ಗೆ ನೇರ ಹಾಕಿದರೆ ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, ಇಲ್ಲವೇ ಸರಿಯಾದ ಹೊಸ ಅಡಾಪ್ಟರ್. ಫ್ಯಾಮಿಕಾಮ್‌ಗೆ ಡಿಸಿ ಬೇಕು, ಅದರ ಪ್ಲಗ್‌ನ ನಡುವಿನ ತುದಿ ಮೈನಸ್. ಎನ್‌ಇಎಸ್‌ನ ಅಡಾಪ್ಟರ್ ಎಸಿ ಕೊಡುತ್ತದೆ. ಸಿಕ್ಕಿಸಿದರೆ ಕೂರುತ್ತದೆ ಅಂತ ಅದನ್ನು ಫ್ಯಾಮಿಕಾಮ್‌ಗೆ ಹಾಕಿದರೆ ಕನ್ಸೋಲ್ ಕತೆ ಮುಗಿಯಿತು.

ಬೆಲೆಯ ಬಗ್ಗೆ ಒಂದು ಮಾತು. 2021ರ ಜುಲೈನಲ್ಲಿ ಸೀಲ್ ಒಡೆಯದ ಒಂದು ಸೂಪರ್ ಮಾರಿಯೋ 64 ಅಮೆರಿಕದ ಹರಾಜಿನಲ್ಲಿ 15.6 ಲಕ್ಷ ಡಾಲರ್‌ಗೆ ಹೋಯಿತು. ಅದೇನೂ ಅಪರೂಪದ ಗೇಮ್ ಅಲ್ಲ, ಲಕ್ಷಾಂತರ ಪ್ರತಿಗಳು ಮಾರಾಟವಾಗಿದ್ದವು. ಅಂಥ ಸುದ್ದಿ ಓದಿ ಹೂಡಿಕೆ ಅಂತ ಇದಕ್ಕೆ ಇಳಿಯಬೇಡಿ. ಡಬ್ಬ, ಪುಸ್ತಕ ಇಲ್ಲದ ಬರೀ ಕ್ಯಾಸೆಟ್ ಅಸಲಿಯಾಗಿಯೇ ಎಷ್ಟೋ ಕಡಿಮೆಗೆ ಸಿಗುತ್ತದೆ. ಜಪಾನಿ ಭಾಷೆ ಬರದಿದ್ದರೂ ಆಡಬಹುದಾದ ಗೇಮ್‌ಗಳಾದರೆ ಅಲ್ಲಿನ ಆವೃತ್ತಿ ಸಾಮಾನ್ಯವಾಗಿ ಇನ್ನೂ ಅಗ್ಗ. ಕಸ್ಟಮ್ಸ್ ಸುಂಕವನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಅಸಲಿಗೆ ದುಡ್ಡು ಹಾಕುವುದಾದರೆ ಮರುಬಿಡುಗಡೆಯಾಗದ ಗೇಮ್‌ಗಳಿಗೆ ಹಾಕಿ. ಅಂಥವೇ ಜಾಸ್ತಿ. 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಂದ ಗೇಮ್‌ಗಳಲ್ಲಿ ಶೇ. 87ರಷ್ಟು ಈಗ ಮಾರುಕಟ್ಟೆಯಲ್ಲಿ ಹೊಸದಾಗಿ ಸಿಗುವುದಿಲ್ಲ ಅಂತ 2023ರಲ್ಲಿ ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಅಧ್ಯಯನ ಮಾಡಿ ತಿಳಿಸಿತು. ಮಾರಿಯೋ ಎಲ್ಲೂ ಹೋಗುವುದಿಲ್ಲ, ಅದನ್ನು ಮತ್ತೆ ಮತ್ತೆ ಬಿಡುಗಡೆ ಮಾಡುತ್ತಲೇ ಇರುತ್ತಾರೆ. ಯಾರಿಗೂ ನೆನಪಿಲ್ಲದ ಗೇಮ್ ನಿಮ್ಮಂಥವರ ಕಪಾಟಿನಲ್ಲಿ ಮಾತ್ರ ಉಳಿಯುತ್ತದೆ.

ಉಳಿಸುವುದಕ್ಕೆ ದೊಡ್ಡ ಶತ್ರು ತೇವ. ಕರಾವಳಿ, ಮಲೆನಾಡಿನಲ್ಲಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಿನ್‌ಗಳಿಗೆ ಕಿಲುಬು, ಸ್ಟಿಕ್ಕರ್‌ಗೆ ಬೂಸ್ಟು ಗ್ಯಾರಂಟಿ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಪೊಟ್ಟಣ ಬದಲಾಯಿಸುತ್ತಿರಿ. ಚಾಲೂ ಆಗದ ಕ್ಯಾಸೆಟ್‌ಗೆ ಊದುವ ಅಭ್ಯಾಸ ನಮಗೆಲ್ಲ ಇತ್ತು, ಅಲ್ವಾ? ಈಗ ಬಿಡಿ. ಬಾಯಿಯ ತೇವವೇ ಪಿನ್ನನ್ನು ತಿನ್ನುತ್ತದೆ. ಹತ್ತಿಕಡ್ಡಿಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಪಿನ್‌ಗಳ ಉದ್ದಕ್ಕೆ ಒರೆಸಿ. ಕಡ್ಡಿ ಕಪ್ಪಾಗುವುದು ನಿಲ್ಲುವವರೆಗೆ ಹೊಸ ಕಡ್ಡಿ ತೆಗೆದುಕೊಳ್ಳುತ್ತಿರಿ. ಪೂರ್ತಿ ಒಣಗಿದ ಮೇಲೆ ಕನ್ಸೋಲ್‌ಗೆ ಹಾಕಿ.